ಪಡುವಣಕ್ಕೆ ಹಳದಿ, ಮೂಡಣಕ್ಕೆ ನೇರಳೆ: ಅಂಧೇರಿಯನ್ನು ಬರೆದ ನಕ್ಷೆಗಳು

ಅಂಧೇರಿ ಪೂರ್ವದ ಸೀಪ್ಜ್ ರಫ್ತು ವಲಯದೊಳಗೆ, ಒಡವೆ ಕಾರ್ಖಾನೆಗಳಿಗೂ ಸಾಫ್ಟ್‌ವೇರ್ ಕಚೇರಿಗಳಿಗೂ ನಡುವೆ, ಮಾಡಿಲ್ಲದ ಒಂದು ಹಳೆಯ ಇಗರ್ಜಿ ನಿಂತಿದೆ. ಸ್ನಾನಿಕ ಯೊವಾನ್ನರ ಹೆಸರಿನ ಈ ಇಗರ್ಜಿಯನ್ನು ಪೋರ್ಚುಗೀಸರ ಕಾಲದಲ್ಲಿ, 1579ರಲ್ಲಿ, ಯೇಸುಸಭೆಯ ಪಾದ್ರಿಗಳು ಕಟ್ಟಿಸಿದರು. 1840ರಲ್ಲಿ ಸಾಂಕ್ರಾಮಿಕ ಜಾಡ್ಯ ಹಬ್ಬಿದಾಗ ಹಳ್ಳಿಯವರು ಪಕ್ಕದ ಮರೋಳಕ್ಕೆ ಸರಿದರು, ಇಗರ್ಜಿ ಪಾಳು ಬಿದ್ದಿತು. 1973ರಲ್ಲಿ ಇಲೆಕ್ಟ್ರಾನಿಕ್ ಸರಕಿನ ರಫ್ತಿಗೆಂದು ಸರಕಾರ ಇಲ್ಲಿ ವಲಯ ಗುರುತಿಸಿ ಆವರಣ ಹಾಕಿತು. ಪಾಳು ಗೋಡೆಗಳೂ ಆವರಣದೊಳಗೆ ಸೇರಿದವು. ಊರಿನ ಕ್ರೈಸ್ತರು ವರ್ಷಕ್ಕೊಂದು ಸಲ, ಮೇ ತಿಂಗಳ ಒಂದು ಭಾನುವಾರ, ಅಲ್ಲಿ ಪೂಜೆಗೆ ಸೇರುತ್ತಾರೆ. ಉಳಿದ ದಿನ ಅದು ಪಾಸು ಇದ್ದವರು ಮಾತ್ರ ಹೋಗಬಹುದಾದ ಜಾಗ.

ಒಂದು ಹಳ್ಳಿಯ ಪೂಜಾಸ್ಥಳ ಕೈಗಾರಿಕಾ ವಲಯದ ಸೊತ್ತಾದದ್ದು ಹೇಗೆ ಎಂದು ಕೇಳುತ್ತ ಹೋದರೆ ಅಂಧೇರಿಯ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ರೈಲು ಹಳಿಯ ಪಡುವಣಕ್ಕೆ ಮನೆಗಳು, ಅಂಗಡಿ ಸಾಲು, ಸಮುದ್ರದ ಗಾಳಿ. ಮೂಡಣಕ್ಕೆ ಕಾರ್ಖಾನೆ, ಗೋದಾಮು, ಕಚೇರಿ, ವಿಮಾನ ನಿಲ್ದಾಣ. ಈ ಭೇದವನ್ನು ಮುಂಬಯಿಯ ಜನ ಹವಾಮಾನದಷ್ಟೇ ಸಹಜವೆಂದು ಒಪ್ಪಿಕೊಂಡಿದ್ದಾರೆ. ಆದರೆ ಅದು ಸಹಜವಲ್ಲ. ಅದನ್ನು ಬರೆದವರು ಇದ್ದಾರೆ, ಬರೆದ ವರ್ಷಗಳೂ ದಾಖಲೆಯಲ್ಲಿವೆ. ಬರೆಯುವಾಗ ಒಂದು ಜಾಗವನ್ನು ಬಿಟ್ಟುಬಿಟ್ಟರು: ಕಾರ್ಖಾನೆಗೆ ನೆಲ ತೋರಿಸಿದರು, ನೌಕರವರ್ಗದ ಫ್ಲ್ಯಾಟಿಗೂ ನೆಲ ತೋರಿಸಿದರು, ಕಾರ್ಖಾನೆಯಲ್ಲಿ ದುಡಿಯುವವನ ಮನೆಗೆ ನೆಲ ತೋರಿಸಲಿಲ್ಲ. ಆಮೇಲೆ ಬಂದ ನಿಯಮಗಳಲ್ಲಿ ಹೆಚ್ಚಿನವು ಆ ಕೊರತೆಯನ್ನು ಮುಚ್ಚಲು ಹೂಡಿದ ಉಪಾಯಗಳೇ ಎಂಬುದು ಈ ಲೇಖಕನ ಎಣಿಕೆ.

ಹಳೆಯ ಸಾಷ್ಟಿ ದ್ವೀಪದಲ್ಲಿ ಅಂಧೇರಿ ಒಂದು ಊರಾಗಿರಲಿಲ್ಲ, ಹತ್ತಾರು ಹಳ್ಳಿಗಳ ಗುಂಪಾಗಿತ್ತು. ಅಂಬೋಲಿ, ಮರೋಳ್, ಚಕಾಲಾ, ಗುಂದವಲಿ, ಮೋಗ್ರಾ, ಸಹಾರ್, ಕಡಲ ಬದಿಗೆ ವರ್ಸೋವಾ. ಗದ್ದೆಯ ನಡುವೆ ದಿಬ್ಬದ ಮೇಲೆ ಒತ್ತೊತ್ತಾಗಿ ಕೂತ ಮನೆಗಳು, ಒಂದು ಶಿಲುಬೆ ಅಥವಾ ಗಾವದೇವಿಯ ಗುಡಿ, ಬಾವಿ, ಸುತ್ತ ಹೊಲ. 1737-39ರ ದಂಡಯಾತ್ರೆಯಲ್ಲಿ ಮರಾಠ ಸೇನಾನಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ಸಾಷ್ಟಿಯನ್ನು ಗೆದ್ದರು, 1774ರಲ್ಲಿ ಅದು ಇಂಗ್ಲಿಷರ ಕೈಗೆ ಹೋಯಿತು. ಕಂದಾಯದ ಮೋಜಣಿದಾರರು ಬಂದು ಮನೆಗಳಿರುವ ಭಾಗದ ಸುತ್ತ ಒಂದು ಗೆರೆ ಎಳೆದು ಅದನ್ನು ಗಾವಠಾಣ ಎಂದು ಗುರುತಿಸಿದರು. ಗೆರೆಯೊಳಗಿನ ನೆಲಕ್ಕೆ ಸಾಗುವಳಿ ಕಂದಾಯವಿಲ್ಲ, ಹೊರಗಿನದಕ್ಕೆ ಉಂಟು. ಅಂಧೇರಿಯ ಮೊದಲ ವಲಯ ವಿಂಗಡಣೆ ಇದೇ. ಇಂದಿಗೂ ಅಂಬೋಲಿಯ ಓಣಿಯಲ್ಲಿ ನಡೆಯುವವನಿಗೆ ರಸ್ತೆ ಇದ್ದಕ್ಕಿದ್ದಂತೆ ಕಿರಿದಾಗಿ, ಮನೆಗಳು ತಗ್ಗಾಗಿ, ಮರದ ಕಠಡೆಯ ಜಗಲಿ ಕಣ್ಣಿಗೆ ಬಿದ್ದರೆ, ಅವನು ಆ ಮೋಜಣಿಯ ಗೆರೆ ದಾಟಿದ್ದಾನೆ ಎಂದೇ ಅರ್ಥ.

ಮಾಹಿಮಿನ ಕಟ್ಟೆದಾರಿ 1845ರಲ್ಲಿ ತೆರೆದು ಸಾಷ್ಟಿಯನ್ನು ಮುಂಬಯಿಗೆ ಜೋಡಿಸಿತು. 1867ರ ಏಪ್ರಿಲ್ 12ರಂದು ವಿರಾರದಿಂದ ಮುಂಬಯಿಗೆ ಹೊರಟ ಮೊದಲ ಉಪನಗರ ರೈಲು ನಿಂತ ಕೆಲವೇ ಠಾಣ್ಯಗಳಲ್ಲಿ ಅಂಧೇರಿಯೂ ಒಂದು. ಆದರೂ ಬಹಳ ಕಾಲ ಇಲ್ಲಿಗೆ ಬಂದವರು ಗಾಳಿ ಬದಲಾವಣೆಗೆ ಬಂದವರು. ವರ್ಸೋವಾ ದಾರಿಯಲ್ಲಿ ಶ್ರೀಮಂತರು ಕಟ್ಟಿಸಿದ ಮನೆಗಳಿಂದ ನಾಲ್ಕು ಬಂಗ್ಲೆ, ಏಳು ಬಂಗ್ಲೆ ಎಂಬ ಹೆಸರುಗಳು ಉಳಿದವು. ದಾದಾಭಾಯಿ ನವರೋಜಿ ಇಂಗ್ಲೆಂಡಿನಿಂದ ಮರಳಿ ತಮ್ಮ ಕೊನೆಯ ವರ್ಷಗಳನ್ನು ವರ್ಸೋವಾದಲ್ಲಿ ಕಳೆದರು. ಪಡುವಣ ಅಂಧೇರಿ ಎಂದರೆ ವಾಸಕ್ಕೆ ಚೆಂದ ಎಂಬ ಭಾವನೆ ಬೇರೂರಿದ್ದು ಆಗ.

ನಗರವನ್ನು ಉತ್ತರಕ್ಕೆ ತಳ್ಳಿದ್ದು ಪ್ಲೇಗು. 1896ರಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ರೋಗ ಮುಂಬಯಿಯ ಚಾಳುಗಳನ್ನು ಖಾಲಿ ಮಾಡಿಸಿತು. 1898ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ಹಳೆಯ ಕೇರಿಗಳನ್ನು ಕೆಡವಿ ದಾದರ್, ಮಾಟುಂಗಾಗಳಲ್ಲಿ ಹೊಸ ಬಡಾವಣೆ ಹಾಕಿತು. ಟ್ರಸ್ಟಿನ ಅಧಿಕಾರ ಮಾಹಿಮಿನ ಆಚೆಗೆ ಇರಲಿಲ್ಲ. ಸಾಷ್ಟಿಯ ಪಾಲಿಗೆ ಬಂದದ್ದು 1915ರ ಮುಂಬಯಿ ನಗರ ಯೋಜನಾ ಕಾಯಿದೆ, ಈ ದೇಶದಲ್ಲಿ ಅಂಥ ಮೊದಲನೆಯದು. ಇದರ ವಿಧಾನ ಬಲು ಜಾಣತನದ್ದು. ಒಂದು ಪ್ರದೇಶದ ಸೊಟ್ಟಪಟ್ಟ ಹೊಲಗಳನ್ನೆಲ್ಲ ಕಾಗದದ ಮೇಲೆ ಒಂದುಗೂಡಿಸುವುದು, ಅದರಲ್ಲಿ ರಸ್ತೆಗೂ ಮೈದಾನಕ್ಕೂ ಪಾಲು ತೆಗೆಯುವುದು, ಉಳಿದುದನ್ನು ಚೌಕಾಕಾರದ ನಿವೇಶನಗಳನ್ನಾಗಿ ಹಿಂದಿನ ಒಡೆಯರಿಗೇ ಮರಳಿಸುವುದು. ಒಡೆಯನ ನೆಲ ಕಡಿಮೆಯಾಗುತ್ತದೆ, ಬೆಲೆ ಹೆಚ್ಚುತ್ತದೆ, ಹೆಚ್ಚಿದ ಬೆಲೆಯಲ್ಲಿ ಒಂದಂಶ ರಸ್ತೆಯ ಖರ್ಚಿಗೆ ಹೋಗುತ್ತದೆ. ಬಾಂದ್ರಾದಿಂದ ಆರಂಭಿಸಿ ಸಾಂತಾಕ್ರೂಜ್, ವಿಲೇಪಾರ್ಲೆ, ಅಂಧೇರಿಗಳಲ್ಲಿ ಈ ಯೋಜನೆಗಳು ಬಂದವು. ಠಾಣ್ಯದ ಹತ್ತಿರದ ಅಂಧೇರಿಯಲ್ಲಿ ಇಂದು ಕಾಣುವ ನೇರ ಅಡ್ಡರಸ್ತೆಗಳು ಬಹುಮಟ್ಟಿಗೆ ಆ ಕಾಯಿದೆಯ ಫಲ. ಗಾವಠಾಣಗಳನ್ನು ಮಾತ್ರ ಅದು ಮುಟ್ಟಲಿಲ್ಲ. ಹಳ್ಳಿಯ ಮನೆಗಳನ್ನು ಕೆಡವಿ ಹಂಚುವುದು ಯಾರಿಗೂ ಬೇಡದ ಕೆಲಸವಾಗಿತ್ತು. ಹೊಲ ಬಡಾವಣೆಯಾಯಿತು, ಹಳ್ಳಿ ಅದರ ಮಧ್ಯೆ ನಡುಗಡ್ಡೆಯಾಯಿತು.

1920ರಲ್ಲಿ ಮುಂಬಯಿ ಉಪನಗರ ಜಿಲ್ಲೆ ಪ್ರತ್ಯೇಕವಾಯಿತು, 1928ರಲ್ಲಿ ಬೋರಿವಲಿಯವರೆಗೆ ವಿದ್ಯುತ್ ರೈಲು ಓಡಿತು. ಹೊಸ ನಿವೇಶನಗಳಲ್ಲಿ ಮನೆ ಕಟ್ಟಲು ನೌಕರವರ್ಗದವರ ಕೈಯಲ್ಲಿ ಹಣವಿರಲಿಲ್ಲ. ಅದಕ್ಕೆ ದಾರಿ ತೋರಿಸಿದವರು ಉತ್ತರ ಕನ್ನಡದ ಕಡೆಯಿಂದ ಹೋದವರು ಎಂಬುದನ್ನು ಕನ್ನಡಿಗರೇ ಮರೆತಿದ್ದೇವೆ. ಚಿತ್ರಾಪುರ ಸಾರಸ್ವತ ಸಮಾಜದ ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ತಮ್ಮ ಗುರು ಶಾಮರಾವ್ ವಿಠಲರ ಹೆಸರಿನಲ್ಲಿ ಸಹಕಾರಿ ಸಾಲ ಸಂಘ ಕಟ್ಟಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಆರಂಭವಾಯಿತು. ದೇಶದ ಸಹಕಾರಿ ವಸತಿ ಚಳವಳಿಯ ಆರಂಭದ ಮಾದರಿಗಳಲ್ಲಿ ಅದೂ ಒಂದು. ಹತ್ತಿಪ್ಪತ್ತು ಕುಟುಂಬ ಸೇರಿ ನೆಲ ಕೊಳ್ಳುವುದು, ಕಟ್ಟಡ ಎಲ್ಲರದು, ಒಬ್ಬೊಬ್ಬರಿಗೆ ಒಂದು ಬಿಡಾರ. ಇವತ್ತು ಮುಂಬಯಿಯ ಮಾತಿನಲ್ಲಿ ‘ನಮ್ಮ ಸೊಸೈಟಿ’ ಎಂದರೆ ಕಟ್ಟಡವೇ. ಸ್ವಾತಂತ್ರ್ಯದ ಮೇಲೆ 1947ರ ಬಾಡಿಗೆ ಕಾಯಿದೆ ಬಾಡಿಗೆಯನ್ನು ಕಟ್ಟಿಹಾಕಿ, ಬಾಡಿಗೆಗೆಂದು ಮನೆ ಕಟ್ಟುವವರು ಹಿಂಜರಿದಾಗ, ಅಂಧೇರಿಯಂಥ ಉಪನಗರವನ್ನು ಕಟ್ಟಿದ್ದು ಈ ಸೊಸೈಟಿಗಳೇ. ಸಮುದಾಯದ ಸಂಸ್ಥೆಗಳೂ ಅವುಗಳ ಬೆನ್ನಿಗೆ ಬಂದವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ವಿದ್ಯಾಸಂಕುಲ ಇರುವುದು ವೀರಾ ದೇಸಾಯಿ ರಸ್ತೆಯ ಬಳಿ, ಉಡುಪಿಯ ಅದಮಾರು ಮಠದ ಶಾಖೆ ಇರುವುದು ಇರ್ಲಾದಲ್ಲಿ.

1950ರಲ್ಲಿ ಅಂಧೇರಿಯವರೆಗಿನ ಉಪನಗರಗಳು ಬೃಹನ್ಮುಂಬಯಿಗೆ ಸೇರಿದವು, 1957ರಲ್ಲಿ ಗಡಿ ದಹಿಸರ್, ಮುಲುಂಡಿಗೆ ಸರಿಯಿತು. ಈ ವಿಲೀನಕ್ಕೆ ಮುಂಚೆಯೇ, 1948ರಲ್ಲಿ, ಪಾಲಿಕೆಯ ಇಂಜಿನಿಯರ್ ಎನ್. ವಿ. ಮೋಡಕ್ ಮತ್ತು ಅಮೆರಿಕದ ಯೋಜಕ ಆಲ್ಬರ್ಟ್ ಮೇಯರ್ ಬೃಹನ್ಮುಂಬಯಿಗೆ ಮಾಸ್ಟರ್ ಪ್ಲಾನಿನ ರೂಪರೇಖೆ ಬರೆದುಕೊಟ್ಟಿದ್ದರು. ಕಾಗದದ ಮೇಲೆ ಯೋಚನೆ ನಡೆದಿರುವಾಗಲೇ ಮೂಡಣ ಅಂಧೇರಿ ತನ್ನಷ್ಟಕ್ಕೆ ಬದಲಾಗತೊಡಗಿತು. ಕುರ್ಲಾ ರಸ್ತೆಯ ಉದ್ದಕ್ಕೆ ನೆಲ ಅಗ್ಗ, ಸಾಂತಾಕ್ರೂಜಿನ ವಿಮಾನ ನಿಲ್ದಾಣ ಪಕ್ಕ. ಕಾರ್ಖಾನೆಗಳೂ ಸಿನಿಮಾ ಸ್ಟುಡಿಯೋಗಳೂ ಬಂದವು. ಕೆ. ಆಸಿಫ್ ಅವರ ‘ಮುಘಲ್-ಎ-ಆಜಮ್’ ಚಿತ್ರದ ಶೀಶಮಹಲ್ ಎದ್ದದ್ದು ಇಲ್ಲಿನ ಮೋಹನ್ ಸ್ಟುಡಿಯೋದಲ್ಲಿ. ಹಳಿಯ ಆಚೆ ಅಂಬೋಲಿಯಲ್ಲಿ ಶಶಧರ ಮುಖರ್ಜಿಯವರ ಫಿಲ್ಮಾಲಯ ಬಂತು.

ತಿರುವು ಬಂದದ್ದು 1964ರಲ್ಲಿ. ಬೃಹನ್ಮುಂಬಯಿಯ ಮೊದಲ ಅಭಿವೃದ್ಧಿ ಯೋಜನೆ ಆ ವರ್ಷ ಪ್ರಕಟವಾಗಿ, 1967ರಲ್ಲಿ ಮಂಜೂರಾಯಿತು. ನಗರದ ಪ್ರತಿ ತುಂಡು ನೆಲಕ್ಕೂ ಒಂದು ಉಪಯೋಗ ಗೊತ್ತಾಯಿತು. ಯೋಜಕರ ರೂಢಿಯಲ್ಲಿ ವಾಸಕ್ಕೆ ಹಳದಿ, ಕೈಗಾರಿಕೆಗೆ ನೇರಳೆ. ಅಂಧೇರಿಯಲ್ಲಿ ಹಳಿಯ ಪಡುವಣ ಹೆಚ್ಚಾಗಿ ಹಳದಿಯಾಯಿತು, ವೀರಾ ದೇಸಾಯಿ ರಸ್ತೆಯ ಸುತ್ತಿನಂಥ ಕೆಲವು ತುಣುಕು ಬಿಟ್ಟರೆ. ಮೂಡಣದಲ್ಲಿ ಸಾಕಿನಾಕಾ, ಮರೋಳ್, ಚಕಾಲಾದ ದೊಡ್ಡ ಭಾಗ ನೇರಳೆಯಾಯಿತು. ದ್ವೀಪನಗರದಲ್ಲಿ ಕಾರ್ಖಾನೆಗಳು ಒತ್ತಿಕೊಂಡಿವೆ, ಅವು ಉಪನಗರಕ್ಕೆ ಬರಲಿ ಎಂಬುದು ಆಗಿನ ನೀತಿ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಎಲ್ಲರ ಬಾಯಲ್ಲಿ ಎಂಐಡಿಸಿ, 1962ರಲ್ಲಿ ಹುಟ್ಟಿತ್ತು. ಮರೋಳದ ಗುಡ್ಡ ತೋಟಗಳ ನಡುವೆ ಅದರ ಪ್ಲಾಟುಗಳು ಬಂದವು. 1973ರಲ್ಲಿ ಪಕ್ಕದಲ್ಲೇ ಸೀಪ್ಜ್. ಕಾಂಡ್ಲಾದ ತರುವಾಯ ಇದು ದೇಶದ ಎರಡನೆಯ ರಫ್ತು ವಲಯ.

1964ರ ಅದೇ ಯೋಜನೆ ಎಫ್‌ಎಸ್‌ಐ ಎಂಬ ಅಳತೆಯನ್ನೂ ತಂದಿತು. ಸಾವಿರ ಚದರ ಅಡಿಯ ನಿವೇಶನದಲ್ಲಿ ಎಲ್ಲ ಅಂತಸ್ತು ಸೇರಿ ಸಾವಿರ ಚದರ ಅಡಿ ಕಟ್ಟಲು ಬಿಟ್ಟರೆ ಎಫ್‌ಎಸ್‌ಐ 1. ಉಪನಗರಕ್ಕೆ ಕೊಟ್ಟದ್ದು ಅಷ್ಟೇ. ನೆಲದ ಮೂರನೆಯ ಒಂದು ಭಾಗದಲ್ಲಿ ಕಟ್ಟಡ ಎಬ್ಬಿಸಿದರೆ ಮೂರು ಅಂತಸ್ತಿಗೆ ಲೆಕ್ಕ ಮುಗಿಯುತ್ತದೆ. ಹಳೆಯ ಅಂಧೇರಿ ಪಶ್ಚಿಮದ ರೂಪ ಹುಟ್ಟಿದ್ದು ಈ ಗಣಿತದಿಂದ: ಮೂರು ನಾಲ್ಕು ಅಂತಸ್ತಿನ ಲಿಫ್ಟಿಲ್ಲದ ಕಟ್ಟಡ, ಸುತ್ತ ಒಂದಿಷ್ಟು ಜಾಗ, ಅಲ್ಲೊಂದು ತೆಂಗು, ಒಂದು ಬಾದಾಮಿ ಮರ, ಗೇಟಿನ ಬಳಿ ಕಲ್ಲುಬೆಂಚು. ಆ ಕಟ್ಟಡಗಳನ್ನು ಪ್ರೀತಿಯಿಂದ ನೆನೆಯುವವರು ಬಹಳ ಜನ ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಆದರೆ ಆ ನೆಮ್ಮದಿಯ ಅಳತೆ ಇಡೀ ನಗರಕ್ಕೆ ಸಾಕಾಗುವಂತಿರಲಿಲ್ಲ. ಬೃಹನ್ಮುಂಬಯಿಯ ಜನಸಂಖ್ಯೆ 1961ರಲ್ಲಿ ಸುಮಾರು 41 ಲಕ್ಷವಿತ್ತು, 1981ರಲ್ಲಿ 82 ಲಕ್ಷವಾಯಿತು.

ಈ ಹೆಚ್ಚಿನ ಜನರಲ್ಲಿ ಬಹುಪಾಲು ದುಡಿಯಲು ಬಂದವರು. ಮರೋಳದ ಕಾರ್ಖಾನೆಗೆ ಕೊಂಕಣ, ಉತ್ತರ ಪ್ರದೇಶಗಳಿಂದ ಬಂದರು, ಅಲ್ಲಿನ ಕ್ಯಾಂಟೀನು ಹೋಟೆಲುಗಳಿಗೆ ಉಡುಪಿ, ಕುಂದಾಪುರ, ಮಂಗಳೂರುಗಳಿಂದ ಹುಡುಗರು ಬಂದರು. ಹೋಟೆಲಿನ ಹುಡುಗ ರಾತ್ರಿ ಅದೇ ಹೋಟೆಲಿನ ಮೇಜಿನ ಮೇಲೆ ಮಲಗಿದ. ಕಾರ್ಖಾನೆಯವನಿಗೆ ಆ ಅನುಕೂಲವೂ ಇರಲಿಲ್ಲ. ನೇರಳೆ ವಲಯದಲ್ಲಿ ಮನೆ ಕಟ್ಟುವಂತಿಲ್ಲ. ಹಳದಿ ವಲಯದ ಫ್ಲ್ಯಾಟು ಅವನ ಸಂಬಳಕ್ಕೆ ಎಟುಕುವುದಿಲ್ಲ. ವಸತಿ ಮಂಡಳಿ ಡಿ. ಎನ್. ನಗರದಂಥ ಕಾಲನಿ ಕಟ್ಟಿತು ನಿಜ, ಕೇಳುವವರಿಗೆ ಹೋಲಿಸಿದರೆ ಅದು ಏನೂ ಅಲ್ಲ. ಉಳಿದದ್ದು ನಕ್ಷೆಯಲ್ಲಿ ಮೈದಾನ, ಶಾಲೆ, ರಸ್ತೆ ಎಂದು ಕಾದಿರಿಸಿಟ್ಟು ಯಾರೂ ವಶಕ್ಕೆ ತೆಗೆದುಕೊಳ್ಳದ ನೆಲ, ನಾಲೆಯ ದಡ, ಗುಡ್ಡದ ಬುಡ. ಅಲ್ಲಿ ಜೋಪಡಿಗಳು ಎದ್ದವು. ಸಾಕಿನಾಕಾದ ಇಳಿಜಾರುಗಳಲ್ಲಿ, ವಿಮಾನ ನಿಲ್ದಾಣದ ಗೋಡೆಗೆ ಒತ್ತಿಕೊಂಡು, ಪಡುವಣದ ಗಿಲ್ಬರ್ಟ್ ಹಿಲ್ಲಿನ ಸುತ್ತ. ಕೋಟ್ಯಂತರ ವರ್ಷ ಹಿಂದಿನ ಲಾವಾದಿಂದ ಕಂಬ ಕಂಬವಾಗಿ ನಿಂತ, ಸುಮಾರು 60 ಮೀಟರ್ ಎತ್ತರದ ಆ ಕರಿಕಲ್ಲಿನ ಬುಡವನ್ನು ಒಂದು ಕಡೆ ಕಲ್ಲು ಕ್ವಾರಿ ತಿಂದಿತು, ಇನ್ನೊಂದು ಕಡೆ ಮನೆಗಳು ಮುತ್ತಿದವು.

ಜೋಪಡಪಟ್ಟಿಯವರು ನಿಯಮ ಮುರಿದರು ಎಂಬ ಮಾತು ಪಶ್ಚಿಮದ ಸೊಸೈಟಿಗಳಲ್ಲಿ ಇವತ್ತೂ ಕೇಳಿಬರುತ್ತದೆ. ನಿಯಮದಲ್ಲಿ ಅವರಿಗೊಂದು ಜಾಗ ಮೊದಲು ಇದ್ದಿದ್ದರೆ ಆ ಮಾತಿಗೆ ಬೆಲೆ ಬರುತ್ತಿತ್ತು. ಜಾಗ ಕೊಟ್ಟಾಗ ಏನಾಯಿತು ಎಂಬುದಕ್ಕೂ ಅಂಧೇರಿಯಲ್ಲೇ ಉದಾಹರಣೆ ಉಂಟು. ವಿಶ್ವಬ್ಯಾಂಕಿನ ನೆರವಿನಿಂದ 1985ರಲ್ಲಿ ಶುರುವಾದ ಯೋಜನೆಯಲ್ಲಿ ಚಾರ್ಕೋಪ್, ಗೊರಾಯಿಗಳಂತೆ ವರ್ಸೋವಾದಲ್ಲೂ ನೀರು, ಚರಂಡಿ ಹಾಕಿದ ಸಣ್ಣ ಸಣ್ಣ ನಿವೇಶನಗಳನ್ನು ಹಂಚಿದರು. ಕಡಿಮೆ ಆದಾಯದವರು ಸಂಘ ಕಟ್ಟಿಕೊಂಡು ತಮ್ಮ ಕೈಲಾದಷ್ಟು ಕಟ್ಟಿದರು. ಆ ದಾರಿಯಲ್ಲಿ ಸರಕಾರ ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ 1976ರ ನಗರ ಭೂಮಿತಿ ಕಾಯಿದೆ ಬಂದಿತ್ತು. ಮುಂಬಯಿಯಲ್ಲಿ 500 ಚದರ ಮೀಟರಿಗಿಂತ ಹೆಚ್ಚಿನ ಖಾಲಿ ನೆಲ ಇಟ್ಟುಕೊಳ್ಳುವಂತಿಲ್ಲ, ಮಿಕ್ಕಿದ್ದು ಬಡವರ ಮನೆಗೆ ಎಂಬುದು ಅದರ ಆಶಯವಾಗಿತ್ತು. ನಡೆದದ್ದು ಬೇರೆ. ನೆಲ ನ್ಯಾಯಾಲಯದ ವ್ಯಾಜ್ಯಗಳಲ್ಲಿ ಸಿಕ್ಕಿಕೊಂಡಿತು, ವಿನಾಯಿತಿ ಪಡೆಯಬಲ್ಲ ಕೆಲವೇ ದೊಡ್ಡವರ ಕೈಯಲ್ಲಿ ಮಾತ್ರ ಕಟ್ಟಡವಾಯಿತು. 1980ರ ದಶಕದಲ್ಲಿ ವರ್ಸೋವಾ ಮತ್ತು ಓಶಿವರಾ ನಡುವಿನ ಜೌಗು ತುಂಬಿ ಲೋಖಂಡ್‌ವಾಲಾ ಕಾಂಪ್ಲೆಕ್ಸ್ ಎದ್ದಿತು. ಅಲ್ಲಿಯತನಕ ಅಂಧೇರಿ ಬೆಳೆದದ್ದು ನಿವೇಶನ ನಿವೇಶನವಾಗಿ, ಸೊಸೈಟಿ ಸೊಸೈಟಿಯಾಗಿ. ಇಲ್ಲಿ ಮೊದಲ ಬಾರಿಗೆ ಒಬ್ಬ ಬಿಲ್ಡರನ ಕೈಯಿಂದ ಒಂದು ಪೇಟೆಯೇ, ಅಂಗಡಿ, ತೋಟ, ಒಳರಸ್ತೆ ಸಮೇತ, ಹುಟ್ಟಿತು. ವಿಮಾನದಲ್ಲಿ ಕೆಲಸ ಮಾಡುವವರು, ಸಿನಿಮಾ ಸೀರಿಯಲ್ಲಿನವರು ಅಲ್ಲಿಗೆ ಹೋದರು.

1991 ಎರಡನೆಯ ತಿರುವು. ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದು ವರ್ಸೋವಾದ ಮೀನುಗಾರರ ಕೇರಿಯಾದ ಕೋಳಿವಾಡೆಯ ಕಟ್ಟಡಗಳಿಗೆ ಹೊಸ ಕಟ್ಟು ಹಾಕಿತು. ಮಾರ್ಚ್ ತಿಂಗಳಲ್ಲಿ ಮುಂಬಯಿಯ ಹೊಸ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ಜಾರಿಗೆ ಬಂತು. ಮೊದಲ ಯೋಜನೆಯಲ್ಲಿ ಕಾದಿರಿಸಿದ ಮೈದಾನ, ಶಾಲೆ, ರಸ್ತೆಗಳಲ್ಲಿ ಹೆಚ್ಚಿನವು ಪಾಲಿಕೆಯ ಕೈಗೆ ಬಂದೇ ಇರಲಿಲ್ಲ, ಕೊಳ್ಳಲು ಹಣವಿರಲಿಲ್ಲ. ಅದಕ್ಕೆ ಹೂಡಿದ ಉಪಾಯ ಟಿಡಿಆರ್, ಅಂದರೆ ಕಟ್ಟುವ ಹಕ್ಕಿನ ವರ್ಗಾವಣೆ. ನೆಲ ಬಿಟ್ಟುಕೊಟ್ಟವನಿಗೆ ರೊಕ್ಕದ ಬದಲು ಒಂದು ಪ್ರಮಾಣಪತ್ರ. ಅಷ್ಟು ಚದರ ಅಡಿಯನ್ನು ಅವನು ಬೇರೆಡೆ ಕಟ್ಟಬಹುದು, ಇಲ್ಲವೇ ಕಟ್ಟುವವರಿಗೆ ಮಾರಬಹುದು. ಒಂದು ನಿವೇಶನದ ಎತ್ತರ ಇನ್ನೊಂದು ನಿವೇಶನಕ್ಕೆ ಹೋಗುವಂತಾಯಿತು. ನಗರದ ಆಕಾಶಕ್ಕೆ ಆವತ್ತು ಮಾರುಕಟ್ಟೆ ತೆರೆಯಿತು.

ಈ ಪತ್ರಗಳಿಗೆ ದಿಕ್ಕು ಗೊತ್ತುಮಾಡಿದ್ದರು. ದ್ವೀಪನಗರದಲ್ಲಿ ಉಪಯೋಗಿಸುವಂತಿಲ್ಲ, ಹುಟ್ಟಿದ ಜಾಗದಿಂದ ಉತ್ತರಕ್ಕೆ ಮಾತ್ರ ಹೋಗಬೇಕು. ದಕ್ಷಿಣದ ಇಕ್ಕಟ್ಟು ಹೆಚ್ಚದಿರಲಿ ಎಂಬ ಸದುದ್ದೇಶ ಅದರ ಹಿಂದೆ ಇತ್ತು. ಆದರೆ ಬಿಲ್ಡರನು ಪತ್ರವನ್ನು ನೆಲದ ಬೆಲೆ ಹೆಚ್ಚಿರುವಲ್ಲಿಗೇ ಒಯ್ಯುತ್ತಾನೆ. ಬಾಂದ್ರಾ, ಸಾಂತಾಕ್ರೂಜ್, ವಿಲೇಪಾರ್ಲೆ, ಅಂಧೇರಿ ಪಶ್ಚಿಮಗಳು ಆ ಪತ್ರಗಳನ್ನು ಹೀರಿಕೊಂಡವು. ಉಪನಗರದಲ್ಲಿ 1 ಇದ್ದ ಎಫ್‌ಎಸ್‌ಐ ಟಿಡಿಆರ್ ಸೇರಿ 2ಕ್ಕೆ ಹೋಯಿತು. ಒಂದು ಸಣ್ಣ ವಿವರ ನನಗೆ ಬಹಳ ಮುಖ್ಯವೆನಿಸುತ್ತದೆ. ಪಶ್ಚಿಮ ರೈಲಿನ ಹಳಿಗೂ ಸ್ವಾಮಿ ವಿವೇಕಾನಂದ ರಸ್ತೆಗೂ, ಅಂದರೆ ಹಳಬರ ಘೋಡ್‌ಬಂದರ್ ರಸ್ತೆಗೂ, ನಡುವಿನ ಪಟ್ಟಿಯಲ್ಲಿ ಟಿಡಿಆರ್ ಬಳಸಬಾರದೆಂದು 1991ರ ನಿಯಮ ಹೇಳಿತ್ತು. ಆಗಲೇ ತುಂಬಿಹೋದ ಭಾಗ ಅದು. ಅದರಿಂದ ಠಾಣ್ಯದ ಬಳಿಯ ಆ ಕಿರುಪಟ್ಟಿಯಲ್ಲಿ ಹಳೆಯ ಕಟ್ಟಡಗಳು ಹೆಚ್ಚು ಕಾಲ ಬಾಳಿದವು, ರಸ್ತೆ ದಾಟಿದೊಡನೆ ಗೋಪುರಗಳು ಶುರುವಾದವು. ಹೊಸದಕ್ಕೂ ಹಳೆಯದಕ್ಕೂ ನಡುವಿನ ಆ ಗೆರೆಯನ್ನು ಎಳೆದದ್ದು ನಿಯಮಾವಳಿಯ ಒಂದು ವಾಕ್ಯ.

1995ರಲ್ಲಿ ರಾಜ್ಯದಲ್ಲಿ ಶಿವಸೇನೆ-ಬಿಜೆಪಿ ಸರಕಾರ ಬಂತು. ಜೋಪಡಿಯವರಿಗೆ ಉಚಿತ ಮನೆ ಎಂಬುದು ಅದರ ಭರವಸೆ. ಅಫ್ಜುಲ್‌ಪುರ್ಕರ್ ಸಮಿತಿಯ ವರದಿಯ ಮೇಲೆ ಸ್ಲಮ್ ಪುನರ್ವಸತಿ ಪ್ರಾಧಿಕಾರ, ಜನರ ಬಾಯಲ್ಲಿ ಎಸ್‌ಆರ್‌ಎ, ರೂಪುಗೊಂಡಿತು. ಆಗಿನ ನಿಯಮದಂತೆ 1995ರ ಜನವರಿ 1ಕ್ಕೆ ಮುಂಚೆ ಇದ್ದವರಿಗೆ 225 ಚದರ ಅಡಿಯ ಮನೆ ಪುಕ್ಕಟೆಯಾಗಿ ಸಿಗುತ್ತಿತ್ತು. ಉಪನಗರದಲ್ಲಿ ಹೀಗೆ ಕಟ್ಟಿಕೊಟ್ಟ ಪ್ರತಿ ಚದರ ಅಡಿಗೂ ಬಿಲ್ಡರನಿಗೆ ಮಾರಾಟಕ್ಕೆ ಒಂದು ಚದರ ಅಡಿ ಕೊಡುತ್ತಿದ್ದರು. ಅಲ್ಲೇ ಕಟ್ಟಬಹುದಾದ ಎಫ್‌ಎಸ್‌ಐ ಮಿತಿ ಆಗ 2.5 ಇತ್ತು, ಅದನ್ನು ಮೀರಿದ್ದು ಟಿಡಿಆರ್ ಆಗಿ ಹೊರಗೆ ಹೋಗುತ್ತಿತ್ತು. ಮೂಡಣ ಅಂಧೇರಿಯಲ್ಲಿ ವಿಮಾನಗಳ ದಾರಿಗಾಗಿ ಕಟ್ಟಡದ ಎತ್ತರಕ್ಕೆ ಮಿತಿ ಇದೆ. ಅಲ್ಲಿ ಕಟ್ಟಲಾಗದ ಅಡಿಗಳು ಪತ್ರವಾಗಿ ಬೇರೆ ನಿವೇಶನ ಹುಡುಕಿಕೊಂಡು ಹೊರಟವು. ಬಡವನಿಗೆ ಕೊಟ್ಟ ಮನೆಯ ಖರ್ಚು ಎಲ್ಲೋ ದೂರದ ಇನ್ನೊಂದು ಕೇರಿಯಲ್ಲಿ ಏಳೆಂಟು ಅಂತಸ್ತಾಗಿ ಎದ್ದಿತು. ಆ ಕೇರಿಯ ರಸ್ತೆ ಮಾತ್ರ 1915ರ ಕಾಯಿದೆ ಬಂಗ್ಲೆಗಳಿಗೆಂದು ಅಳೆದು ಕೊಟ್ಟಷ್ಟೇ ಅಗಲ. ನೀರಿನ ಕೊಳವೆ, ಚರಂಡಿ ಅದೇ.

ಈ ನಗರಕ್ಕೆ ಎಫ್‌ಎಸ್‌ಐ ಕಡಿಮೆಯಾದದ್ದೇ ರೋಗವೋ ಹೆಚ್ಚಾದದ್ದೋ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ವಿಶ್ವಬ್ಯಾಂಕಿನಲ್ಲಿದ್ದ ಯೋಜಕ ಅಲೇನ್ ಬರ್ತೋ ಅವರ ವಾದದಲ್ಲಿ, ಇಷ್ಟು ಬೇಡಿಕೆಯ ನಗರದಲ್ಲಿ ಎಫ್‌ಎಸ್‌ಐಯನ್ನು ಹಿಡಿದಿಟ್ಟದ್ದೇ ಮನೆಗಳ ಅಭಾವಕ್ಕೂ ಜೋಪಡಪಟ್ಟಿಗೂ ಕಾರಣ. ಹೊಸ ಮುಂಬಯಿಯ ಕಲ್ಪನೆ ಮುಂದಿಟ್ಟ ಮೂವರಲ್ಲಿ ಒಬ್ಬರಾದ ಇಂಜಿನಿಯರ್ ಶಿರೀಷ್ ಪಟೇಲ್ ಅದನ್ನು ಒಪ್ಪಲಿಲ್ಲ. ಮುಂಬಯಿಯಲ್ಲಿ ತಲೆಗೆ ಸಿಗುವ ಮನೆಯ ಜಾಗ ಎಷ್ಟು ಕಡಿಮೆಯೆಂದರೆ ಎಫ್‌ಎಸ್‌ಐ ಏರಿಸಿದರೆ ರಸ್ತೆಯ ಮೇಲೆ, ಮೈದಾನದ ಮೇಲೆ, ಆಸ್ಪತ್ರೆಯ ಮೇಲೆ ಬೀಳುವ ಜನರ ಭಾರ ತಾಳಲಾಗದಷ್ಟಾಗುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಅಂಧೇರಿಯ ಅನುಭವ ಪಟೇಲರ ಕಡೆಗೇ ವಾಲುತ್ತದೆ ಎಂದು ನನಗೆ ತೋರುತ್ತದೆ. ಆದರೆ ಬರ್ತೋ ಹೇಳಿದ ಅಭಾವವೂ ಸುಳ್ಳಲ್ಲ. 1964ರಲ್ಲಿ ಇಟ್ಟ ಮಿತಿ ದುಡಿಯುವವರನ್ನು ನಕ್ಷೆಯ ಹೊರಗೆ ತಳ್ಳಿದ್ದು ನಿಜ.

ಇತ್ತ ನೇರಳೆ ಬಣ್ಣವೂ ಮಾಸತೊಡಗಿತ್ತು. 1973ರ ಪ್ರಾದೇಶಿಕ ಯೋಜನೆಯ ಕಾಲದಿಂದ ಸರಕಾರ ಮುಂಬಯಿಯಲ್ಲಿ ಹೊಸ ಕೈಗಾರಿಕೆಗೆ ತಡೆ ಹಾಕುತ್ತ ಬಂದಿತ್ತು. ಹತ್ತು ವರ್ಷ ಮುಂಚೆ ಕರೆದು ಕೂರಿಸಿದವರನ್ನೇ ಆಮೇಲೆ ಏಳಿ ಎಂದಿತು. 1991ರ ನಿಯಮಾವಳಿ ಕೈಗಾರಿಕೆಯ ನೆಲವನ್ನು ವಾಸಕ್ಕೋ ವ್ಯಾಪಾರಕ್ಕೋ ಬದಲಿಸಲು ದಾರಿ ಮಾಡಿತು; ಬಿಲ್ಡರ್‌ಗಳ ಮಾತಿನಲ್ಲಿ ‘ಐ ಟು ಆರ್’. ಒಂದಿಷ್ಟು ನೆಲವನ್ನು ಸಾರ್ವಜನಿಕ ಉಪಯೋಗಕ್ಕೆ ಬಿಡಬೇಕು, ಕಾರ್ಮಿಕರ ಬಾಕಿ ತೀರಿಸಿದ್ದಕ್ಕೆ ಕಾರ್ಮಿಕ ಇಲಾಖೆಯ ಒಪ್ಪಿಗೆ ಪತ್ರ ಬೇಕು. ಲೇಥ್ ಯಂತ್ರದ ಗಾಲಾಗಳು, ಅಂದರೆ ಸಣ್ಣ ಕಾರ್ಖಾನೆಯ ಮಳಿಗೆಗಳು, ಕಚೇರಿಗಳಾದವು, ಮೋಹನ್ ಸ್ಟುಡಿಯೋದಂಥ ಜಾಗಗಳು ಕಟ್ಟಡಗಳಿಗೆ ಎಡೆಮಾಡಿಕೊಟ್ಟವು. ಮಾಹಿತಿ ತಂತ್ರಜ್ಞಾನದ ಕಂಪನಿಗಳಿಗೆ ಸರಕಾರ ಹೆಚ್ಚುವರಿ ಎಫ್‌ಎಸ್‌ಐ ಕೊಟ್ಟಿತು. ಗಾಜಿನ ಗೋಡೆಯ ಕಚೇರಿಗಳು ಎಂಐಡಿಸಿಯ ರಸ್ತೆಗಳಲ್ಲಿ ಸಾಲುಗಟ್ಟಿದವು. ಪಡುವಣದಲ್ಲಿ ವೀರಾ ದೇಸಾಯಿ ರಸ್ತೆಯ ಕೈಗಾರಿಕಾ ಎಸ್ಟೇಟುಗಳಿಗೆ ಟೀವಿ ಸೀರಿಯಲ್ಲುಗಳ ಎಡಿಟಿಂಗ್, ಡಬ್ಬಿಂಗ್ ಬಂತು. ಕಾರ್ಖಾನೆಯಿಂದ ಹೊರಬಿದ್ದ ಕೆಲಸಗಾರ ಹೊಸ ಕಚೇರಿಯ ಸೆಕ್ಯುರಿಟಿಯವನಾದ. ಅವನ ಮನೆಯ ಪ್ರಶ್ನೆ ಇದ್ದಲ್ಲೇ ಇತ್ತು.

ನೆಲ ತುಂಬಿದ್ದರ ಲೆಕ್ಕ 2005ರ ಜುಲೈ 26ರಂದು ಕೈಗೆ ಬಂತು. ಅಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮೀಠೀ ಹೊಳೆ ವಿಮಾನ ನಿಲ್ದಾಣದ ಸುತ್ತ ಉಕ್ಕಿತು. ಮೋಗ್ರಾ ನಾಲೆ, ಓಶಿವರಾ ಹೊಳೆಗಳೂ ತಮ್ಮ ಹಳೆಯ ದಡಗಳನ್ನು ಹುಡುಕಿಕೊಂಡು ಬಂದವು. ಗಾವಠಾಣಗಳನ್ನು ದಿಬ್ಬದ ಮೇಲೆ ಕಟ್ಟಿದ ಹಳಬರಿಗೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿತ್ತು. ಅಂಧೇರಿ ಸಬ್‌ವೇ ಇವತ್ತಿಗೂ ಪ್ರತಿ ಮಳೆಗಾಲ ಮುಳುಗುತ್ತದೆ.

ನಗರದ ಮೂರನೆಯ ಅಭಿವೃದ್ಧಿ ಯೋಜನೆಯ ಕರಡು 2015ರ ಫೆಬ್ರವರಿಯಲ್ಲಿ ಬಂದಾಗ ನಗರ ಎದ್ದು ನಿಂತಿತು. ರೈಲು ಠಾಣ್ಯಗಳ ಸುತ್ತ ಎಫ್‌ಎಸ್‌ಐ 8ರ ತನಕ, ಪಾರಂಪರಿಕ ಕಟ್ಟಡಗಳಿಗೆ ರಕ್ಷಣೆಯಿಲ್ಲ, ಪೂಜಾಸ್ಥಳಗಳ ಮೇಲೆ ರಸ್ತೆ. ಗಾವಠಾಣ, ಕೋಳಿವಾಡೆಗಳ ಗಡಿಯನ್ನು ಸರಿಯಾಗಿ ಗುರುತಿಸಿರಲಿಲ್ಲ. 1887ರಷ್ಟು ಹಿಂದೆ ತಮ್ಮ ಸಂಘ ಕಟ್ಟಿಕೊಂಡಿದ್ದ ಗಾವಠಾಣಗಳ ಈಸ್ಟ್ ಇಂಡಿಯನ್ ಕ್ರೈಸ್ತರಿಗೂ ಕೋಳಿವಾಡೆಗಳ ಕೋಳಿ ಸಮುದಾಯದ ಮೀನುಗಾರರಿಗೂ ಇದು ಸಹಿಸಲಾಗದ ಮಾತಾಯಿತು. ನಕ್ಷೆಯಲ್ಲಿ ಗಾವಠಾಣ ಎಂದು ಬರೆಯದಿದ್ದರೆ ಮುನ್ನೂರು ವರ್ಷದ ಹಳ್ಳಿಯನ್ನು ನಾಳೆ ಜೋಪಡಪಟ್ಟಿ ಎಂದು ಎಸ್‌ಆರ್‌ಎಗೆ ಒಪ್ಪಿಸಬಹುದು. ಆ ಭಯ ಕಾಲ್ಪನಿಕವಾಗಿರಲಿಲ್ಲ. ಏಪ್ರಿಲಿನಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಕರಡನ್ನು ತಿದ್ದಿ ಬರೆಯಲು ಹೇಳಿದರು. ಹೊಸ ಯೋಜನೆ ಮಂಜೂರಾದದ್ದು 2018ರ ಮೇಯಲ್ಲಿ. ಅಷ್ಟರೊಳಗೆ, 2016ರಲ್ಲಿ, ಟಿಡಿಆರ್ ಎಷ್ಟು ಎಂಬುದನ್ನು ರಸ್ತೆಯ ಅಗಲಕ್ಕೆ ತಳಕು ಹಾಕುವ ನಿಯಮವೂ ಬಂದಿತ್ತು. ಕಾಲು ಶತಮಾನ ತಡವಾಗಿ ಬಂದ ವಿವೇಕ ಅದು.

ಕೆಲಸ ಮೂಡಣದಲ್ಲಿ, ಮನೆ ಪಡುವಣದಲ್ಲಿ ಎಂದು ಹಂಚಿದ್ದರ ಭಾರ ಹೊತ್ತದ್ದು ಎರಡನ್ನೂ ಜೋಡಿಸುವ ಗೋಖಲೆ ಸೇತುವೆ. 2014ರಲ್ಲಿ ವರ್ಸೋವಾ-ಘಾಟ್ಕೋಪರ್ ಮೆಟ್ರೋ ಬಂದರೂ ಆ ಭಾರ ತೀರಲಿಲ್ಲ. 2018ರ ಜುಲೈ 3ರಂದು ಸೇತುವೆಯ ಪಾದಚಾರಿ ಭಾಗ ಹಳಿಯ ಮೇಲೆ ಕುಸಿಯಿತು. 2022ರ ನವೆಂಬರಿನಲ್ಲಿ ಸೇತುವೆಯನ್ನೇ ಮುಚ್ಚಿದರು. 2024ರ ಫೆಬ್ರವರಿಯಲ್ಲಿ ಹೊಸ ಸೇತುವೆಯ ಒಂದು ಭಾಗ ತೆರೆದಾಗ ಅದಕ್ಕೂ ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೂ ಒಂದು ಮೀಟರಿಗೆ ಮಿಕ್ಕಿದ ಎತ್ತರದ ವ್ಯತ್ಯಾಸ ಉಳಿದಿತ್ತು, ಅದನ್ನು ಎತ್ತಿ ಸರಿಹೊಂದಿಸಲು ಇನ್ನೂ ತಿಂಗಳುಗಳು ಹಿಡಿದವು.

ಈಗ ಸರದಿ ಆ ಮೂರು ನಾಲ್ಕು ಅಂತಸ್ತಿನ ಸೊಸೈಟಿಗಳದು. ಸಹಕಾರ ಕಾಯಿದೆಯ 79ಎ ಕಲಮಿನಡಿ 2009ರಲ್ಲಿ ಬಂದ ಸೂಚನೆ ಪುನರಾಭಿವೃದ್ಧಿಗೆ ಸದಸ್ಯರ ಮುಕ್ಕಾಲು ಪಾಲು ಒಪ್ಪಿಗೆ ಕೇಳುತ್ತಿತ್ತು, 2019ರಲ್ಲಿ ಅದನ್ನು ಶೇ. 51ಕ್ಕೆ ಇಳಿಸಿದರು. ಡಿ. ಎನ್. ನಗರದಿಂದ ನಾಲ್ಕು ಬಂಗ್ಲೆಯವರೆಗೆ ಎಲ್ಲಿ ಹೋದರೂ ಮಾತು ಒಂದೇ: ಮನೆಯೊಳಗೆ ಎಷ್ಟು ಕಾರ್ಪೆಟ್ ಜಾಗ, ಬಿಲ್ಡರನಿಂದ ಎಷ್ಟು ಕಾರ್ಪಸ್ ಹಣ, ಎಷ್ಟು ತಿಂಗಳ ಬಾಡಿಗೆ. ಐವತ್ತು ವರ್ಷದ ಹಿಂದೆ ಕೂಡಿಟ್ಟ ಹಣದಲ್ಲಿ ಎರಡು ಕೋಣೆ ಕೊಂಡ ವೃದ್ಧರಿಗೆ ಲಿಫ್ಟು ಬೇಕು, ಸೋರದ ಚಾವಣಿ ಬೇಕು. ಅವರ ಆಸೆಯಲ್ಲಿ ತಪ್ಪು ಹುಡುಕುವುದು ಅನ್ಯಾಯ. ಆದರೆ ಗೋಪುರ ಎದ್ದ ಮೇಲೆ ಮೇಂಟೆನೆನ್ಸ್ ಹಲವು ಪಟ್ಟಾಗುತ್ತದೆ. ಪಿಂಚಣಿಯವರಲ್ಲಿ ಎಷ್ಟೋ ಜನ ಹೊಸ ಫ್ಲ್ಯಾಟು ಮಾರಿ ಮೀರಾ ರೋಡಿಗೋ ವಸಾಯಿಗೋ ಹೋಗುತ್ತಾರೆ, ಕೆಲವರು ಊರಿಗೇ, ಉಡುಪಿ ಮಂಗಳೂರಿಗೆ, ಮರಳುತ್ತಾರೆ. ಕಟ್ಟಡದ ಜಗಲಿಯಲ್ಲಿ ಇಸ್ತ್ರಿಯವನು, ಗೇಟಿನ ಪಕ್ಕ ತರಕಾರಿಯವಳು ಇದ್ದರಲ್ಲ, ಹೊಸ ನಕ್ಷೆಯಲ್ಲಿ ಅವರ ಜಾಗಕ್ಕೆ ಕಾರ್ ಪಾರ್ಕಿಂಗಿನ ಮೂರು ಅಂತಸ್ತು ಬರುತ್ತದೆ. ಒಪ್ಪಿಗೆಯ ಶೇ. 51 ಎಣಿಸುವಾಗ ಅವರನ್ನು ಯಾರೂ ಕೇಳುವುದಿಲ್ಲ, ಮನೆಗೆಲಸದವರನ್ನೂ ವಾಚ್‌ಮನ್‌ನನ್ನೂ ಕೇಳುವುದಿಲ್ಲ, ಏಕೆಂದರೆ 1964ರ ಯೋಜನೆಯಲ್ಲಿ ಇಲ್ಲದ ಹಾಗೆಯೇ ಸೊಸೈಟಿಯ ಸದಸ್ಯರ ಪಟ್ಟಿಯಲ್ಲೂ ಅವರಿಲ್ಲ. ಅವರಲ್ಲಿ ಹಲವರು ನಾಲಾಸೋಪಾರಾ, ವಿರಾರಗಳಿಂದ ಬೆಳಗಿನ ಲೋಕಲ್ ಹಿಡಿದು ಅಂಧೇರಿಗೆ ಬರುತ್ತಾರೆ.